ಅದೃಷ್ಟವೋ, ಆಟವೋ? ಬೆಂಗಳೂರು–ಬ್ಲಾಸ್ಟರ್ಸ್ ಪೈಪೋಟಿ ಬಗ್ಗೆ ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಫುಟ್ಬಾಲ್ ತಂಡಗಳು ಆಡಿದ ಮರುದಿನ ಸಿದ್ದಾಪುರ, ಗೋಣಿಕೊಪ್ಪ, ವಿರಾಜಪೇಟೆ ಕಡೆ ಚಹಾದಂಗಡಿಯಲ್ಲೂ ವಾಟ್ಸಾಪ್‌ನಲ್ಲೂ ಒಂದೇ ಜಗಳ. ಸೋತವರು ಲಕ್ಕು ಅಂತಾರೆ, ಗೆದ್ದವರು ಆಟ ಅಂತಾರೆ. ಅಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಲ್ಲಿ ಹಾಕಿದ್ದೇನೆ. ನಾನು ಬೆಂಗಳೂರು ಕಡೆಯವನು. ಮೊದಲೇ ಹೇಳಿಬಿಡುತ್ತೇನೆ, ಓದುವಾಗ ಅಷ್ಟು ಕಳೆದು ಓದಿಕೊಳ್ಳಿ.

## ಶುರುವಿನ ಪ್ರಶ್ನೆಗಳು

ಹಾಕಿ ಊರಲ್ಲಿ ಕೂತು ಈ ಎರಡು ಫುಟ್ಬಾಲ್ ಟೀಮಿಗೆ ಯಾಕಪ್ಪಾ ಹೊಡೆದಾಡ್ತೀರಿ?

ಹಾಕಿ ಊರು ಹೌದು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಶುರು ಮಾಡಿದ ಮೇಲಂತೂ ಹೊರಗಿನವರಿಗೆ ಕೊಡಗು ಅಂದರೆ ಹಾಕಿಯೇ. ಆದರೆ ಸುಂಟಿಕೊಪ್ಪದಲ್ಲಿ ಗೋಲ್ಡ್ ಕಪ್ ಫುಟ್ಬಾಲ್ ನಡೆಯುವಾಗ ಹೋಗಿ ನೋಡಿ, ಆಮೇಲೆ ಮಾತಾಡಿ. ಇನ್ನು ಮಾಕುಟ್ಟ ಘಾಟಿ ಇಳಿದರೆ ಇರಿಟ್ಟಿ, ಕುಟ್ಟ ದಾಟಿದರೆ ವಯನಾಡು. ಕೇರಳದ ಸೆವೆನ್ಸ್ (ಏಳೇಳು ಜನರ ಫುಟ್ಬಾಲ್) ಆಟ ಅಲ್ಲಿಂದ ಮಳೆಯ ಜೊತೆಗೇ ಹತ್ತಿ ಬರುತ್ತೆ. ಬೆಂಗಳೂರು ನಮ್ಮ ರಾಜಧಾನಿ, ಆದರೆ ಸುಮಾರು 250 ಕಿ.ಮೀ. ದೂರ. ಹಾಗಾಗಿ ಒಂದೇ ಲೈನ್‌ಮನೆಯಲ್ಲಿ ಒಂದು ಬಾಗಿಲಿಗೆ ಬೆಂಗಳೂರಿನ ನೀಲಿ ಬಾವುಟ, ಪಕ್ಕದ ಬಾಗಿಲಿಗೆ ಬ್ಲಾಸ್ಟರ್ಸ್ ಹಳದಿ.

ಈ ಪೈಪೋಟಿ ಶುರುವಾಗಿದ್ದು ಯಾವಾಗ? ತುಂಬಾ ಹಳೇದು ಅನ್ಸುತ್ತೆ.

ಅಷ್ಟೇನೂ ಹಳೇದಲ್ಲ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ, ಬ್ಲಾಸ್ಟರ್ಸ್ 2014ರಲ್ಲಿ. ಮೊದಮೊದಲು ಬೇರೆ ಬೇರೆ ಲೀಗ್. ಇವರು ಐ-ಲೀಗ್‌ನಲ್ಲಿ, ಅವರು ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್). ಬೆಂಗಳೂರು ಎರಡು ಸಲ ಐ-ಲೀಗ್ ಗೆದ್ದು 2017ರಲ್ಲಿ ಐಎಸ್‌ಎಲ್‌ಗೆ ಬಂತು. ಅದೇ ವರ್ಷ ಡಿಸೆಂಬರ್ 31ರಂದು ಕೊಚ್ಚಿಯಲ್ಲಿ ಮೊದಲ ಮುಖಾಮುಖಿ, ಬೆಂಗಳೂರು 3-1. ಹೊಸ ವರ್ಷದ ಪಾರ್ಟಿ ಹಾಳಾದ ಸಿಟ್ಟು ಬ್ಲಾಸ್ಟರ್ಸ್ ಅಭಿಮಾನಿ ಬಳಗ ಮಂಜಪ್ಪಡದವರಿಗೆ ಇನ್ನೂ ಇದೆ. ಎರಡೂ ಕಡೆ ಆಡಿದವರು, ಕ್ಲಬ್ ಬದಲಿಸಿದವರು ಇದ್ದಾರಲ್ಲ, ಅವರಿಂದ ಖಾರ ಇನ್ನೂ ಜಾಸ್ತಿ. ನಮ್ಮ ಪಕ್ಕದ ಕಣ್ಣೂರಿನ ಸಿ.ಕೆ. ವಿನೀತ್ ಎರಡೂ ಜರ್ಸಿ ಹಾಕಿದವರು.

ಲಕ್ಕು ಅಂದ್ರೆ ಏನು ಅಂತ ಮೊದ್ಲು ಸರಿಯಾಗಿ ಹೇಳಿ. ಎಲ್ಲರೂ ಅವರವರಿಗೆ ಬೇಕಾದ ಹಾಗೆ ಹೇಳ್ತಾರೆ.

ನಾನು ಎರಡು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಒಂದು, ಬೇಕೂಂತ ಸೋಲೋಕೆ ಆಗುತ್ತಾ? ಲಾಟರಿಯಲ್ಲಿ ಬೇಕೂಂತ ಸೋಲೋಕೆ ಆಗಲ್ಲ, ಫುಟ್ಬಾಲಿನಲ್ಲಿ ಧಾರಾಳವಾಗಿ ಸೋಲಬಹುದು. ಅಂದಮೇಲೆ ಅಲ್ಲಿ ಸಾಮರ್ಥ್ಯಕ್ಕೆ ಕೆಲಸ ಇದೆ ಅಂತಾಯ್ತು. ಎರಡನೆಯದು, ಅದೇ ಆಟಗಾರರು ಅದೇ ರೀತಿ ನೂರು ಸಲ ಆಡಿದರೆ ಈ ಫಲಿತಾಂಶ ಎಷ್ಟು ಸಲ ಬರುತ್ತೆ? ತೊಂಬತ್ತು ಸಲ ಬಂದರೆ ಆಟ, ಹತ್ತು ಸಲ ಬಂದರೆ ಅದೃಷ್ಟ. ನಡುವೆ ಇರೋದೆಲ್ಲ ಎರಡರ ಬೆರಕೆ, ಮತ್ತು ಹೆಚ್ಚಿನ ಪಂದ್ಯಗಳು ಆ ನಡುವಿನಲ್ಲೇ ಬೀಳುತ್ತವೆ.

ಅಪ್ಪಟ ಅದೃಷ್ಟ ನೋಡಬೇಕಾದರೆ ಇಂಗ್ಲೆಂಡಿಗೆ ಹೋಗಬೇಕು. 2009ರ ಅಕ್ಟೋಬರ್‌ನಲ್ಲಿ ಸಂಡರ್‌ಲ್ಯಾಂಡಿನ ಡ್ಯಾರನ್ ಬೆಂಟ್ ಹೊಡೆದ ಚೆಂಡು ಮೈದಾನದಲ್ಲಿ ಬಿದ್ದಿದ್ದ ಬೀಚ್ ಬಾಲಿಗೆ ತಗಲಿ ಲಿವರ್‌ಪೂಲ್ ಗೋಲಿನೊಳಗೆ ಹೋಯಿತು. ಪಂದ್ಯ ಮುಗಿದದ್ದು 1-0. ಅಂಥದ್ದು ನಮ್ಮ ಈ ಪೈಪೋಟಿಯಲ್ಲಿ ಇನ್ನೂ ಆಗಿಲ್ಲ.

ನಾನು ಟಿವಿ ಮುಂದಿಂದ ಎದ್ದಾಗ್ಲೇ ಗೋಲ್ ಆಗುತ್ತೆ, ಇಲ್ಲಾಂದ್ರೆ ಕರೆಂಟ್ ಹೋಗುತ್ತೆ. ಇದು ನನ್ನ ಲಕ್ಕಲ್ವಾ?

ಎದ್ದು ಹೋದಾಗ ಗೋಲು ಆಗದೇ ಇದ್ದ ಸಂಜೆಗಳನ್ನು ಯಾರು ನೆನಪಿಟ್ಟುಕೊಳ್ತಾರೆ ಮಾರಾಯ? ಕರೆಂಟ್ ವಿಷಯ ಬೇರೆ, ಅದು ನಮ್ಮ ಜಿಲ್ಲೆಯ ಹಣೆಬರಹ. ಇಗ್ಗುತ್ತಪ್ಪನಿಗೆ ಹರಕೆ ಹೊತ್ತಿದ್ದರೆ ತೀರಿಸಿ, ಆದರೆ ಪೆನಾಲ್ಟಿ ತಪ್ಪಿದ್ದಕ್ಕೆ ದೇವರನ್ನು ಕೇಳಬೇಡಿ.

## ಪಂದ್ಯಗಳ ಬಗ್ಗೆ

2023ರ ಮಾರ್ಚ್ 3ರ ಗೋಲು ಮೋಸ ಅಲ್ವಾ ಅಣ್ಣಾ? ಸುಮ್ನೆ ಲಕ್ಕಲ್ಲಿ ಗೆದ್ದುಬಿಟ್ರಿ ನೀವು.

ಬಂದ ಪ್ರಶ್ನೆಗಳಲ್ಲಿ ಅರ್ಧ ಇದೇ. ನಿಧಾನವಾಗಿ ನೋಡೋಣ.

ಬೆಂಗಳೂರಿನ ತವರು ಮೈದಾನ ಕಂಠೀರವದಲ್ಲಿ ಪ್ಲೇಆಫ್, ಅಂದರೆ ಸೋತವರು ಹೊರಗೆ ಹೋಗುವ ಪಂದ್ಯ. 90 ನಿಮಿಷ 0-0, ಹೆಚ್ಚುವರಿ ಸಮಯ. 96ನೇ ನಿಮಿಷದಲ್ಲಿ ಬ್ಲಾಸ್ಟರ್ಸ್ ಬಾಕ್ಸಿನ ಹತ್ತಿರ ಬೆಂಗಳೂರಿಗೆ ಫ್ರೀ ಕಿಕ್. ಬ್ಲಾಸ್ಟರ್ಸ್ ಆಟಗಾರರು ಚೆಂಡಿಗೆ ಅಡ್ಡ ಸಾಲಾಗಿ ನಿಂತು ಗೋಡೆ ಕಟ್ಟೋಕೆ ಅತ್ತಿತ್ತ ಓಡಾಡ್ತಿದ್ದಾರೆ, ಗೋಲ್‌ಕೀಪರ್ ಗಿಲ್ ಆ ಗೋಡೆಯನ್ನು ಸರಿಮಾಡಿಸುತ್ತಾ ತನ್ನ ಜಾಗ ಬಿಟ್ಟಿದ್ದಾರೆ. ಅಷ್ಟರಲ್ಲಿ ಸುನಿಲ್ ಛೆಟ್ರಿ ಚೆಂಡನ್ನು ಮೆತ್ತಗೆ ಎತ್ತಿ ಖಾಲಿ ಗೋಲಿಗೆ ಹಾಕಿದರು. ಸಿಳ್ಳೆ ಇಲ್ಲ, ಗೋಡೆ ಇಲ್ಲ. ರೆಫರಿ ಗೋಲು ಕೊಟ್ಟರು. ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನು ಮೈದಾನದಿಂದ ಹೊರಗೆ ಕರೆದರು, ಅವರು ವಾಪಸ್ ಬರಲೇ ಇಲ್ಲ. ಬೆಂಗಳೂರು ಗೆದ್ದಿತು ಅಂತ ಘೋಷಣೆ ಆಯಿತು. ಆಮೇಲೆ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ.

ನಿಯಮ ಏನು ಹೇಳುತ್ತೆ? ಎದುರಾಳಿ 9.15 ಮೀಟರ್ ಹಿಂದೆ ಹೋಗಲಿ ಅಂತ ಕಿಕ್ ಹೊಡೆಯುವವರು ಕೇಳಿದರೆ, ಅಥವಾ ರೆಫರಿಯೇ ಆಟ ತಡೆದು ನಿಲ್ಲಿಸಿದರೆ, ಸಿಳ್ಳೆಗೆ ಕಾಯಬೇಕು. ಕೇಳದೇ ಇದ್ದರೆ ಬೇಗ ಹೊಡೆಯಬಹುದು. ಸಿಳ್ಳೆಯೂ ಬೇಡ, ಗೋಡೆಯೂ ಬೇಡ ಅಂತ ರೆಫರಿಗೆ ಹೇಳಿದ್ದೆ ಅಂತ ಛೆಟ್ರಿ ಪಂದ್ಯ ಮುಗಿದ ಮೇಲೆ ಹೇಳಿದರು. ಬ್ಲಾಸ್ಟರ್ಸ್ ವಾದ ಬೇರೆ: ಅಷ್ಟು ಹೊತ್ತು ಕಳೆದ ಮೇಲೆ ಅದು ಬೇಗ ಹೊಡೆದ ಕಿಕ್ ಹೇಗಾಗುತ್ತೆ, ನಾವು ಸಿಳ್ಳೆಗೆ ಕಾಯುತ್ತಾ ಇದ್ದೆವಲ್ಲ ಅಂತ. ವಿಡಿಯೋ ನೋಡಿ ತೀರ್ಪು ಸರಿಮಾಡುವ ವಿಎಆರ್ ಇರಲಿಲ್ಲ. ಬ್ಲಾಸ್ಟರ್ಸ್ ಕೊಟ್ಟ ದೂರನ್ನು ದೇಶದ ಫುಟ್ಬಾಲ್ ಒಕ್ಕೂಟ ಎಐಎಫ್‌ಎಫ್ ಒಪ್ಪಲಿಲ್ಲ.

ಈಗ ಇದನ್ನು ಬಿಡಿಸಿ ನೋಡಿ. ಕೀಪರ್ ಜಾಗದಲ್ಲಿಲ್ಲ ಅಂತ ಕಂಡದ್ದು, ತಕ್ಷಣ ಕಾಲು ಎತ್ತಿದ್ದು, ಚೆಂಡು ಸರಿಯಾದ ಕಡೆಗೇ ಹೋದದ್ದು ಪೂರ್ತಿ ಛೆಟ್ರಿ ಆಟ. ರೆಫರಿ ಅದನ್ನು ಒಪ್ಪಿದ್ದು ಮಾತ್ರ ಬೆಂಗಳೂರು ಕೈಲಿ ಇರಲಿಲ್ಲ. ಇನ್ನೊಬ್ಬ ರೆಫರಿ ಇದ್ದಿದ್ದರೆ ಮತ್ತೆ ಹೊಡೆಯಿರಿ ಅನ್ನುತ್ತಿದ್ದರೋ ಏನೋ. ಅಷ್ಟು ಅದೃಷ್ಟ ಒಪ್ಪಿಕೊಳ್ಳುತ್ತೇನೆ. ಆದರೆ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೋದದ್ದಿದೆಯಲ್ಲ, ಅದರಲ್ಲಿ ಅದೃಷ್ಟ ಒಂಚೂರೂ ಇಲ್ಲ. ಇನ್ನೂ 24 ನಿಮಿಷ ಬಾಕಿ ಇತ್ತು. ಒಂದು ಗೋಲು ಹಿಂದೆ ಬಿದ್ದ ತಂಡ 24 ನಿಮಿಷದಲ್ಲಿ ಸಮ ಮಾಡಿಕೊಳ್ಳೋದು ವಾರಕ್ಕೊಮ್ಮೆ ನೋಡುವ ಸಂಗತಿ. ಗೋಲು ವಾಪಸ್ ಬರುವ ಅವಕಾಶವನ್ನು ಸೊನ್ನೆ ಮಾಡಿಕೊಂಡದ್ದು ಅವರೇ. ಗೋಣಿಕೊಪ್ಪದ ಬ್ಲಾಸ್ಟರ್ಸ್ ಗೆಳೆಯರು ಈ ಸಾಲು ಓದಿ ಫೋನ್ ಮಾಡ್ತಾರೆ ಅಂತ ಗೊತ್ತು. ಮಾಡಲಿ.

ಅದೇ ವರ್ಷ ಸೆಪ್ಟೆಂಬರಲ್ಲಿ ಕೊಚ್ಚಿಯಲ್ಲಿ ನಿಮ್ಮವರೇ ಗೋಲು ಕೊಟ್ರಲ್ಲ, ಅದು ಯಾರ ಪುಣ್ಯ?

2-1ಕ್ಕೆ ಸೋತ ಪಂದ್ಯ. ಮೊದಲ ಗೋಲು ಬೆಂಗಳೂರಿನ ವೀನ್‌ಡಾರ್ಪ್ ತಲೆಗೆ ತಗಲಿ ನಮ್ಮದೇ ಬಲೆಗೆ. ಎರಡನೆಯದು, ಹಿಂದಕ್ಕೆ ಬಂದ ಪಾಸನ್ನು ಗುರ್‌ಪ್ರೀತ್ ಸಿಂಗ್ ಸಂಧು, ನಮ್ಮ ಕೀಪರ್, ನಿಲ್ಲಿಸುವಾಗ ಚೆಂಡು ಕಾಲಿನಿಂದ ಜಾಸ್ತಿ ಸರಿಯಿತು, ಬ್ಲಾಸ್ಟರ್ಸ್‌ನ ಆಡ್ರಿಯನ್ ಲೂನಾ ಓಡಿ ಬಂದು ಕಸಿದು ಹಾಕಿದರು.

ಹೊರಗಿನಿಂದ ನೋಡಿದರೆ ಎರಡೂ ಉಡುಗೊರೆಯೇ. ಆದರೆ ಎರಡನೆಯದನ್ನು ಇನ್ನೊಮ್ಮೆ ನೋಡಿ. ಕೀಪರ್ ಕಾಲಲ್ಲಿ ಚೆಂಡಿರುವಾಗ ಹೆಚ್ಚಿನ ಮುಂಪಡೆ ಆಟಗಾರರು ಓಡಿದ ಹಾಗೆ ಮಾಡಿ ನಿಂತುಬಿಡ್ತಾರೆ. ಲೂನಾ ನಿಲ್ಲೋದಿಲ್ಲ. ಇಪ್ಪತ್ತು ಸಲ ಹಾಗೆ ಓಡಿದರೆ ಹತ್ತೊಂಬತ್ತು ಸಲ ಬರಿಗೈ, ಒಂದು ಸಲ ಗೋಲು. ಆ ಒಂದು ಸಲ ಯಾವತ್ತು ಬರುತ್ತೆ ಅನ್ನೋದು ಅದೃಷ್ಟ, ಇಪ್ಪತ್ತೂ ಸಲ ಓಡೋದು ಆಟ. ವೀನ್‌ಡಾರ್ಪ್ ಗೋಲಿಗೆ ಮಾತ್ರ ನಾನು ಯಾರಿಗೂ ಅಂಕ ಕೊಡಲ್ಲ.

ಆಶಿಕ್ ಎರಡೂ ಕಡೆ ಗೋಲು ಹೊಡೆದ ಪಂದ್ಯ ನೆನಪಿದ್ಯಾ?

ಮರೆಯೋಕಾಗುತ್ತಾ? 2021ರ ನವೆಂಬರ್, ಗೋವಾ. ಮಲಪ್ಪುರಂ ಹುಡುಗ ಆಶಿಕ್ ಕುರುಣಿಯನ್ ಬೆಂಗಳೂರು ಪರ ಗೋಲು ಹೊಡೆದರು, ಕೆಲವೇ ನಿಮಿಷದಲ್ಲಿ ನಮ್ಮದೇ ಗೋಲಿಗೂ ಒಂದು ಹಾಕಿದರು. 1-1. ಸಿದ್ದಾಪುರದ ಬ್ಲಾಸ್ಟರ್ಸ್ ಕಡೆಯವರಿಗೆ ವರ್ಷಕ್ಕಾಗುವಷ್ಟು ಜೋಕು ಸಿಕ್ಕಿತು.

ಛೆಟ್ರಿ ಯಾಕೆ ಯಾವಾಗ್ಲೂ ಬ್ಲಾಸ್ಟರ್ಸ್ ಮೇಲೇ ಹೊಡೀತಾರೆ? ಅದೂ ಲಕ್ಕಾ?

ಒಂದು ಗೋಲಿಗೆ ಅದೃಷ್ಟ ಅನ್ನಬಹುದು, ಎರಡಕ್ಕೂ ಅನ್ನಬಹುದು. 2017ರ ಮೊದಲ ಪಂದ್ಯದಲ್ಲಿ ಪೆನಾಲ್ಟಿ, 2019ರಲ್ಲಿ ತಲೆಯಿಂದ ಹೊಡೆದ ಒಂದೇ ಗೋಲಿಗೆ 1-0, 2023ರ ಆ ಫ್ರೀ ಕಿಕ್, 2024ರ ಡಿಸೆಂಬರ್ 7ರಂದು 40ನೇ ವಯಸ್ಸಿನಲ್ಲಿ ಹ್ಯಾಟ್ರಿಕ್. ಐಎಸ್‌ಎಲ್‌ನಲ್ಲಿ ಅಷ್ಟು ವಯಸ್ಸಾದ ಮೇಲೆ ಹ್ಯಾಟ್ರಿಕ್ ಹೊಡೆದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಬೇರೆ ಬೇರೆ ವರ್ಷ, ಬೇರೆ ಬೇರೆ ಕೀಪರ್, ಬೇರೆ ಬೇರೆ ರೀತಿಯ ಗೋಲು. ಇಷ್ಟು ಸಲ ಮರುಕಳಿಸಿದ್ದನ್ನು ಅದೃಷ್ಟ ಅಂದರೆ ಅದೃಷ್ಟಕ್ಕೇ ನಾಚಿಕೆ ಆಗುತ್ತೆ.

ಬ್ಲಾಸ್ಟರ್ಸ್ ಮೂರು ಫೈನಲ್ ಸೋತಿದ್ದಾರೆ. ಇದು ಶಾಪವೋ, ದಮ್ಮಿಲ್ಲವೋ?

ಎರಡೂ ಅಲ್ಲ ಅಂತ ನನ್ನ ಅಭಿಪ್ರಾಯ, ನೀಲಿ ಜರ್ಸಿ ಹಾಕಿಕೊಂಡೇ ಹೇಳ್ತಿದ್ದೇನೆ. 2014ರಲ್ಲಿ ಕೋಲ್ಕತ್ತ ತಂಡದ ರಫೀಕ್ ಕೊನೇ ಗಳಿಗೆಯಲ್ಲಿ ಹೊಡೆದ ಒಂದೇ ಗೋಲು. 2016ರಲ್ಲಿ ಕೊಚ್ಚಿಯಲ್ಲೇ, ಅದೇ ಕೋಲ್ಕತ್ತ ಎದುರು, 1-1 ಆಗಿ ಶೂಟೌಟ್‌ನಲ್ಲಿ 4-3. 2022ರಲ್ಲಿ ಹೈದರಾಬಾದ್ 88ನೇ ನಿಮಿಷದಲ್ಲಿ ಸಮ ಮಾಡಿತು, ಶೂಟೌಟ್‌ನಲ್ಲಿ ಕೀಪರ್ ಕಟ್ಟಿಮನಿ ಮೂರು ಕಿಕ್ ತಡೆದರು.

ಮೂರರಲ್ಲಿ ಒಂದರಲ್ಲೂ ಅವರನ್ನು ಯಾರೂ ಚಿಂದಿ ಮಾಡಿಲ್ಲ. ಪ್ರತಿ ಫೈನಲ್ ಐವತ್ತು-ಐವತ್ತು ಅಂದುಕೊಂಡರೆ ಮೂರನ್ನೂ ಸೋಲುವ ಸಂಭವ ಎಂಟರಲ್ಲಿ ಒಂದು. ಎಂಟರಲ್ಲಿ ಒಂದು ಅಂದರೆ ಊರಲ್ಲಿ ದಿನಾ ಆಗುವಂಥದ್ದೇ. ನಮ್ಮವರೇನು ಕಡಿಮೆಯಾ? ನಾಲ್ಕು ಐಎಸ್‌ಎಲ್ ಫೈನಲ್ ಆಡಿ ಗೆದ್ದದ್ದು 2019ರಲ್ಲಿ ಒಂದು, ಅದೂ 117ನೇ ನಿಮಿಷದಲ್ಲಿ ರಾಹುಲ್ ಭೆಕೆ ತಲೆಯಿಂದ. ಆ ಚೆಂಡು ಕಂಬಕ್ಕೆ ತಗಲಿ ಹೊರಗೆ ಹೋಗಿದ್ದರೆ ನಮ್ಮನ್ನೂ ಶಾಪಗ್ರಸ್ತರು ಅಂತಿದ್ದರು.

ಪೆನಾಲ್ಟಿ ಶೂಟೌಟ್ ಪೂರ್ತಿ ಲಾಟರಿನಾ?

ಪೂರ್ತಿ ಲಾಟರಿ ಬೇಕಾದರೆ 1968ಕ್ಕೆ ಹೋಗಿ. ಯೂರೋ ಸೆಮಿಫೈನಲ್‌ನಲ್ಲಿ ಇಟಲಿ–ಸೋವಿಯತ್ ಒಕ್ಕೂಟ ಗೋಲಿಲ್ಲದೆ ಮುಗಿಸಿದಾಗ ನಾಣ್ಯ ಹಾರಿಸಿದರು. ಇಟಲಿ ಫೈನಲ್‌ಗೆ ಹೋಯಿತು, ಕಪ್ಪನ್ನೂ ಗೆದ್ದಿತು. ಅದಾದ ಮೇಲೆ 1970ರಲ್ಲಿ ಶೂಟೌಟ್ ನಿಯಮ ಬಂತು. ನಾಣ್ಯಕ್ಕಿಂತ ಇದು ವಾಸಿ.

ಸಾಮಾನ್ಯವಾಗಿ ನಾಲ್ಕು ಪೆನಾಲ್ಟಿಯಲ್ಲಿ ಮೂರು ಗೋಲಾಗುತ್ತೆ. ಹೊಡೆಯೋದು ಕಲಿಯುವ ಕೆಲಸ, ತಡೆಯೋದೂ ಕಲಿಯುವ ಕೆಲಸ. ಆದರೆ ಐದೇ ಐದು ಕಿಕ್‌ನಲ್ಲಿ ಆ ಕಲಿಕೆ ಕಾಣಿಸಿಕೊಳ್ಳಲು ಜಾಗ ಸಾಲದು. 2023ರ ಮಾರ್ಚ್ 12ರಂದು ಬೆಂಗಳೂರು ಮುಂಬೈ ವಿರುದ್ಧ ಸೆಮಿಫೈನಲ್ ಶೂಟೌಟ್‌ನಲ್ಲಿ 9-8ಕ್ಕೆ ಗೆದ್ದಿತು. ಆರು ದಿನ ಬಿಟ್ಟು ಫೈನಲ್ ಶೂಟೌಟ್‌ನಲ್ಲಿ ಮೋಹನ್ ಬಗಾನ್ ಎದುರು 4-3ಕ್ಕೆ ಸೋತಿತು. ಆರು ದಿನದಲ್ಲಿ ಕಾಲು ಮರೆತುಹೋಗುತ್ತಾ?

## ಲೆಕ್ಕ ಕೇಳುವವರಿಗೆ

ಒಳ್ಳೇ ಟೀಮು ಯಾಕೆ ಇಷ್ಟೊಂದು ಸಲ ಸೋಲುತ್ತೆ? ಬಾಯಿಮಾತು ಬೇಡ, ಲೆಕ್ಕ ಹಾಕಿ ಹೇಳಿ.

ಗೋಲುಗಳು ಕಡಿಮೆ ಇರೋದೇ ಕಾರಣ. ಒಂದು ತಂಡ ಆಡುವ ಮಟ್ಟ ಸರಾಸರಿ ಪಂದ್ಯಕ್ಕೆ 1.5 ಗೋಲು, ಎದುರಾಳಿಯದ್ದು 1 ಗೋಲು ಅಂತಿಟ್ಟುಕೊಳ್ಳಿ. ಒಂದೂವರೆ ಪಟ್ಟು ಅಂದರೆ ಸಣ್ಣ ಅಂತರ ಅಲ್ಲ. ಸರಾಸರಿಯಿಂದ ಎಷ್ಟು ಗೋಲು ಎಷ್ಟು ಸಲ ಬರುತ್ತೆ ಅಂತ ಹೇಳುವ ಪಾಯ್ಸನ್ ಸೂತ್ರ ಹಾಕಿದರೆ ಬಲವಾದ ತಂಡ ಗೆಲ್ಲೋದು ನೂರಕ್ಕೆ ಸುಮಾರು 49 ಸಲ, ಸಮ ಆಗೋದು 26 ಸಲ, ಸೋಲೋದು 25 ಸಲ. ಅಂದರೆ ನಿಜಕ್ಕೂ ಮೇಲಿರುವ ತಂಡ ನಾಲ್ಕರಲ್ಲಿ ಒಂದು ಪಂದ್ಯ ಸೋಲುತ್ತೆ, ಯಾರೂ ಏನೂ ತಪ್ಪು ಮಾಡದೆಯೂ.

ಇದು ಕಾಗದದ ಲೆಕ್ಕ ಮಾತ್ರ ಅಲ್ಲ. 2023-24ರಲ್ಲಿ ಬೆಂಗಳೂರು ಲೀಗ್ ಮುಗಿಸಿದ್ದು ಹತ್ತನೇ ಸ್ಥಾನದಲ್ಲಿ, ಬ್ಲಾಸ್ಟರ್ಸ್ ಐದನೇ ಸ್ಥಾನದಲ್ಲಿ. ಆದರೂ ಮಾರ್ಚ್ 2ರಂದು ಕಂಠೀರವದಲ್ಲಿ ಹಾವಿ ಹೆರ್ನಾಂಡೆಸ್ ಕೊನೇ ಹೊತ್ತಿನಲ್ಲಿ ಹೊಡೆದ ಗೋಲಿಗೆ ಬೆಂಗಳೂರು 1-0. ಆ ರಾತ್ರಿ ನಾವು ಕೂಗಿದ ಕೂಗು ಕೇಳಿದವರು ನಮ್ಮದೇ ಮೊದಲನೇ ಸ್ಥಾನ ಅಂದುಕೊಳ್ಳಬೇಕಿತ್ತು.

ನಮ್ಮ ಹಾಕಿಯಲ್ಲೂ ಹೀಗೇನಾ?

ಸ್ವಲ್ಪ ಕಡಿಮೆ. ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್‌ಗಳು ಸಿಗುತ್ತಾ ಇರುತ್ತವೆ, ಗೋಲುಗಳೂ ಜಾಸ್ತಿ. ಗೋಲು ಹೆಚ್ಚಾದಷ್ಟೂ ಬಲವಾದವರು ಮೇಲೆ ಬರೋದು ಹೆಚ್ಚು. ಬ್ಯಾಸ್ಕೆಟ್‌ಬಾಲಿನಲ್ಲಿ ಇನ್ನೂ ಹೆಚ್ಚು.

ಕಂಠೀರವದಲ್ಲಿ ಬ್ಲಾಸ್ಟರ್ಸ್ ಗೆದ್ದೇ ಇಲ್ಲ ಅಂತಾರೆ. ಅದಕ್ಕಿಂತ ಬೇರೆ ಸಾಕ್ಷಿ ಬೇಕಾ?

2024ರ ಡಿಸೆಂಬರ್ ವರೆಗಿನ ಐಎಸ್‌ಎಲ್ ಪಂದ್ಯಗಳನ್ನು ಮೈದಾನದ ಪ್ರಕಾರ ಬೇರೆ ಮಾಡಿದರೆ ಚಿತ್ರ ಹೀಗಿದೆ. ಒಟ್ಟು 17 ಪಂದ್ಯ, ಬೆಂಗಳೂರು 11, ಬ್ಲಾಸ್ಟರ್ಸ್ 4, ಸಮ 2. ಕಂಠೀರವದಲ್ಲಿ 7 ಪಂದ್ಯ, ಬೆಂಗಳೂರು 6, ಒಂದು ಸಮ. ಕೊಚ್ಚಿಯಲ್ಲಿ 6, ಮೂರು-ಮೂರು. ಕೋವಿಡ್ ಸಮಯದಲ್ಲಿ ಗೋವಾದಲ್ಲಿ ಜನರಿಲ್ಲದೆ 4, ಬೆಂಗಳೂರು 2, ಬ್ಲಾಸ್ಟರ್ಸ್ 1, ಸಮ 1.

ಹಾಗಾಗಿ ಕಂಠೀರವ ತೆಗೆದರೆ ಪಟ್ಟಿ 5-4, ಒಂದು ಸಮ. ಪೈಪೋಟಿ ಹತ್ತಿರದ್ದೇ. ಇನ್ನು ಕಂಠೀರವದ ಆರು ಗೆಲುವಿನಲ್ಲಿ ನಾಲ್ಕು 1-0. ಒಂದು ಗೋಲು ಆಚೀಚೆ ಆಗಿದ್ದರೆ ಕಥೆಯೇ ಬೇರೆ. ಯಾವುದೇ ತಂಡ ಹೊರಗಿನ ಮೈದಾನದಲ್ಲಿ ನಾಲ್ಕರಲ್ಲಿ ಒಂದು ಗೆಲ್ಲುತ್ತೆ ಅಂತ ಇಟ್ಟುಕೊಂಡರೂ ಏಳರಲ್ಲಿ ಒಂದೂ ಗೆಲ್ಲದೇ ಇರುವ ಸಂಭವ ನೂರಕ್ಕೆ 13. ನಮ್ಮ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್ ಕೂಗಿಗೆ ಬೆಲೆ ಇದೆ, ಆದರೆ ಪೂರ್ತಿ ಲೆಕ್ಕ ಆ ಕೂಗಿನ ಮೇಲೆ ನಿಲ್ಲಲ್ಲ.

ಹಾಗಾದ್ರೆ ಯಾವುದನ್ನ ನಂಬೋದು, ಲೀಗ್ ಪಟ್ಟಿನೋ, ಕಪ್ಪನ್ನೋ?

ಯಾರು ಬಲಿಷ್ಠರು ಅಂತ ತಿಳಿಯಬೇಕಾದರೆ ಪಟ್ಟಿ. 2017-18ರಲ್ಲಿ ಬೆಂಗಳೂರು 18 ಪಂದ್ಯದಲ್ಲಿ 40 ಅಂಕ, ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32. ಎಂಟು ಅಂಕದ ಅಂತರ. ಆಮೇಲೆ ಫೈನಲ್ ಕಂಠೀರವದಲ್ಲೇ, ಅದೇ ಚೆನ್ನೈಯಿನ್ ಜೊತೆ. ಛೆಟ್ರಿ ಮೊದಲು ಹೊಡೆದರು, ಮೈಲ್ಸನ್ ಎರಡು ಕಾರ್ನರ್‌ನಿಂದ ಎರಡು ಹೆಡರ್ ಹಾಕಿದರು, ಕಪ್ಪು 3-2ಕ್ಕೆ ಚೆನ್ನೈಗೆ. ಹದಿನೆಂಟು ಪಂದ್ಯ ಹೇಳಿದ ಸತ್ಯವನ್ನು ಒಂದು ರಾತ್ರಿ ಅಳಿಸಲ್ಲ. ಹಾಗಂತ ಆ ಎರಡು ಹೆಡರ್ ಅದೃಷ್ಟ ಅಂತಲೂ ಅಲ್ಲ, ಒಂದೇ ಆಳನ್ನು ಎರಡೆರಡು ಸಲ ಬಿಟ್ಟುಕೊಟ್ಟರೆ ಅದಕ್ಕೆ ಬೇರೆ ಹೆಸರಿದೆ.

ಅದೃಷ್ಟಕ್ಕೆ ಮದ್ದೇ ಇಲ್ವಾ? ಟೀಮು ಏನೂ ಮಾಡೋಕಾಗಲ್ವಾ?

ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬರೋದು ಬಿಡೋದು ನಮ್ಮ ಕೈಲಿಲ್ಲ, ಆದರೆ ಕೆರೆ ತೋಡಿ ಸ್ಪ್ರಿಂಕ್ಲರ್ ಇಟ್ಟುಕೊಂಡ ರೋಬಸ್ಟಾ ಬೆಳೆಗಾರ ಆಕಾಶ ನೋಡುವುದು ಕಡಿಮೆ, ಅಲ್ವಾ? ತಂಡಕ್ಕೂ ಅಷ್ಟೇ. ಒಬ್ಬ ಸ್ಟ್ರೈಕರ್‌ಗೆ ಮಂಡಿ ನೋವು ಬಂದರೆ ಇಳಿಸೋಕೆ ಇನ್ನೊಬ್ಬ ಇರಬೇಕು. ಕಾರ್ನರ್, ಫ್ರೀ ಕಿಕ್ ಅಭ್ಯಾಸ ಪ್ರತಿದಿನ ಇರಬೇಕು. ಸಿಳ್ಳೆ ಊದುವವರೆಗೂ ಒಬ್ಬ ಚೆಂಡಿನ ಮುಂದೆ ನಿಂತಿರಬೇಕು. ಈ ಕೊನೆಯದ್ದನ್ನು ಬ್ಲಾಸ್ಟರ್ಸ್ ಕಡೆಯವರಿಗೆ ಬೇರೆ ವಿವರಿಸಬೇಕಿಲ್ಲ.

ಎರಡೂ ಟೀಮು ಚೆನ್ನಾಗಿ ಆಡೋಕೆ ಶುರು ಮಾಡಿದ್ರೆ ಲಕ್ಕಿನ ಪಾಲು ಕಡಿಮೆ ಆಗಬೇಕಲ್ವಾ?

ಉಲ್ಟಾ. ಇದು ಕೇಳಿದವರಿಗೆಲ್ಲ ವಿಚಿತ್ರ ಅನ್ನಿಸುತ್ತೆ. ಒಬ್ಬ ಬಲಿಷ್ಠ, ಇನ್ನೊಬ್ಬ ದುರ್ಬಲ ಆಗಿದ್ದರೆ ಅದೃಷ್ಟ ಎಷ್ಟು ಕುಣಿದರೂ ಫಲಿತಾಂಶ ಬದಲಾಗಲ್ಲ. ಇಬ್ಬರೂ ಒಂದೇ ಮಟ್ಟಕ್ಕೆ ಬಂದರೆ ಆಟ ಆಟವನ್ನು ಹೊಡೆದುಹಾಕುತ್ತೆ, ಉಳಿಯೋದು ಕಂಬಕ್ಕೆ ತಗಲಿದ ಚೆಂಡು ಒಳಗೋ ಹೊರಗೋ ಅನ್ನೋದು. ಐಎಸ್‌ಎಲ್ ಸಂಬಳಕ್ಕೆ ಮಿತಿ ಹಾಕಿದೆ, 2021-22ರಿಂದ ಮೈದಾನದಲ್ಲಿ ವಿದೇಶಿಯರು ಐದರ ಬದಲು ನಾಲ್ಕೇ. ತಂಡಗಳನ್ನು ಹತ್ತಿರ ತರುವ ನಿಯಮಗಳು ಇವು. ಆಟಗಾರರೂ ಆಚೀಚೆ ಓಡಾಡ್ತಾರೆ: ಬ್ಲಾಸ್ಟರ್ಸ್‌ನಲ್ಲಿದ್ದ ಪೆರೇರಾ ಡಿಯಾಸ್ 2024ರ ಅಕ್ಟೋಬರ್‌ನಲ್ಲಿ ಬೆಂಗಳೂರು ಜರ್ಸಿಯಲ್ಲಿ ಕೊಚ್ಚಿಗೆ ಹೋಗಿ ಎಂಟನೇ ನಿಮಿಷಕ್ಕೇ ಗೋಲು ಹಾಕಿದರು.

ಇಷ್ಟೆಲ್ಲ ಲೆಕ್ಕ ಗೊತ್ತಿದ್ರೆ ಆನ್‌ಲೈನಲ್ಲಿ ದುಡ್ಡು ಕಟ್ಟಿ ಗೆಲ್ಲಬಹುದಲ್ಲ?

ಬೇಡ. ಕೌಶಲದ ಆಟವೋ ಅದೃಷ್ಟದ ಆಟವೋ ಅಂತ ಕೋರ್ಟುಗಳಲ್ಲಿ ವರ್ಷಗಟ್ಟಲೆ ವಾದ ನಡೆಯಿತು. 2025ರಲ್ಲಿ ಕೇಂದ್ರ ಸರ್ಕಾರ ತಂದ ಕಾನೂನು ಆ ಭೇದವನ್ನೇ ಪಕ್ಕಕ್ಕಿಟ್ಟು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಕಾನೂನು ಇಲ್ಲದಿದ್ದರೂ, ಬಲವಾದ ತಂಡವೇ ನಾಲ್ಕರಲ್ಲಿ ಒಂದು ಸಲ ಸೋಲೋ ಆಟದ ಮೇಲೆ ಕಾಫಿ ದುಡ್ಡು ಇಡ್ತೀರಾ?

ಮುಂದಿನ ಪಂದ್ಯದಲ್ಲಿ ಜಗಳಕ್ಕೆ ನಿಲ್ಲೋ ಮೊದ್ಲು ಏನು ನೋಡ್ಲಿ?

ಒಂದು ಹಾಳೆಯಲ್ಲಿ ಮೈದಾನದ ಎರಡು ತುದಿಯ ಗೋಲುಕಂಬಗಳ ಚಿತ್ರ ಬರೆದುಕೊಳ್ಳಿ. ಪ್ರತಿ ಹೊಡೆತಕ್ಕೂ ಎಲ್ಲಿಂದ ಹೊಡೆದರೋ ಅಲ್ಲೊಂದು ಚುಕ್ಕಿ, ಗೋಲಾದರೂ ಆಗದಿದ್ದರೂ. ಟಿವಿಯಲ್ಲಿ ಎಕ್ಸ್‌ಜಿ ಅಂತ ತೋರಿಸ್ತಾರಲ್ಲ, ಅದೂ ಮೂಲದಲ್ಲಿ ಇದೇ ಕೆಲಸ: ಆ ಜಾಗದಿಂದ ಹೊಡೆದದ್ದು ಸಾಮಾನ್ಯವಾಗಿ ಎಷ್ಟು ಸಲ ಗೋಲಾಗುತ್ತೆ ಅನ್ನೋ ಅಂದಾಜು. ಪೆನಾಲ್ಟಿಗೆ ಸುಮಾರು 0.76ರಿಂದ 0.79, ದೂರದ ಹೊಡೆತಕ್ಕೆ 0.05ಕ್ಕೂ ಕಡಿಮೆ ಇರಬಹುದು. ಬಾಕ್ಸಿನೊಳಗೆ, ಗೋಲಿನ ಎದುರಿಗೇ ಯಾರ ಚುಕ್ಕಿ ಜಾಸ್ತಿಯೋ ಅವರು ಚೆನ್ನಾಗಿ ಆಡಿದರು ಅಂತ ಹೇಳಬಹುದು. ಒಂದು ಎಚ್ಚರ ಮಾತ್ರ: ಬೇಗ ಗೋಲು ಹೊಡೆದ ತಂಡ ಹಿಂದೆ ಸರಿದು ಆಡುತ್ತೆ, ಆಗ ಸೋಲುತ್ತಿರುವವರ ಚುಕ್ಕಿ ತಾನಾಗಿಯೇ ಏರುತ್ತೆ. ಅದಕ್ಕೆ ಸ್ಕೋರ್ ಸಮ ಇದ್ದಾಗಿನ ಚುಕ್ಕಿಗೂ ಆಮೇಲಿನ ಚುಕ್ಕಿಗೂ ಬೇರೆ ಬಣ್ಣದ ಪೆನ್ ಬಳಸಿ. ಮರುದಿನ ಹಾಳೆ ಜೇಬಲ್ಲಿಟ್ಟುಕೊಂಡು ಹೋಗಿ, ಎದುರು ಪಾರ್ಟಿಯವರಿಗೂ ತೋರಿಸಿ.